ಬಾತು ಬೇಗ ಹೋದವು, ಹಿಂದೆ ನಾನೂ ಹೋದೆ

ಹಿನ್ನೀರು

ಹೋದ ವರ್ಷ ನನ್ನ ಮಾತು ಕೇಳಿ ನಲವತ್ತೊಂದು ಕುರಿ ಸತ್ತವು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಅರವತ್ತೆಂಟು ವರ್ಷದ ಮುದುಕಿ ಮಂಗೋಲಿಯಾ ಎಂಬ ದೇಶಕ್ಕೆ ಯಾಕೆ ಹೋದಳು ಎಂದು ನಿಮಗೆ ತಿಳಿಯುವುದಿಲ್ಲ.

ನಾವು ಹಗರಿಬೊಮ್ಮನಹಳ್ಳಿ ಕಡೆಯ ಕುರಿಯವರು. ಚಳಿಗಾಲ ಕಳೆಯುತ್ತ ಬಂದಂತೆ ತುಂಗಭದ್ರಾ ಡ್ಯಾಮಿನ ಹಿನ್ನೀರು ಇಳಿಯುತ್ತದೆ. ನೀರು ಬಿಟ್ಟ ನೆಲದಲ್ಲಿ ಹಸಿ ಹುಲ್ಲು ಏಳುತ್ತದೆ. ಆ ಹುಲ್ಲಿಗೆ ನಮ್ಮ ಕುರಿಯೂ ಬರುತ್ತದೆ, ಪರದೇಶದ ಬಾತೂ ಬರುತ್ತದೆ. ಬೂದಿ ಬಣ್ಣದ ಮೈ, ಬಿಳಿ ತಲೆ, ತಲೆಯ ಹಿಂದೆ ಎರಡು ಕರಿ ಪಟ್ಟೆ. ಓದಿದವರು ಪಟ್ಟೆತಲೆ ಹೆಬ್ಬಾತು ಎನ್ನುತ್ತಾರೆ. ನಾವು ಬಾತು ಎನ್ನುತ್ತೇವೆ. ಪೈರು ಕಳೆದುಕೊಂಡ ಕಡ್ಲೆ ಹೊಲದವರು ಬೇರೆ ಏನೇನೋ ಅನ್ನುತ್ತಾರೆ, ಅದನ್ನು ಬರೆಯಲು ಬರುವುದಿಲ್ಲ.

ಶಿವರಾತ್ರಿ ಕಳೆದು ಹೋಳಿ ಹತ್ತಿರ ಬಂದಾಗ ಬಾತುಗಳು ಎದ್ದು ಹೋಗುತ್ತಿದ್ದವು. ಅವು ಹೋದವೆಂದರೆ ಚಳಿ ಹೋಯಿತು ಎಂದು ಲೆಕ್ಕ. ಆ ವಾರ ಕುರಿಗಳನ್ನು ನೀರಿಗೆ ಇಳಿಸಿ ಮೈ ತೊಳೆದು ಉಣ್ಣೆ ಕತ್ತರಿಸುತ್ತಿದ್ದೆವು. ಮನೆಯ ಹಿರಿಯ ಹೆಂಗಸು ಮೊದಲ ಕುರಿಯ ಬೆನ್ನಿಗೆ ಕತ್ತರಿ ಹಾಕಿ, ಒಂದು ಹಿಡಿ ಉಣ್ಣೆ ಬೀರದೇವರಿಗೆ ತೆಗೆದಿಡಬೇಕು. ಆಮೇಲೆ ಗಂಡಸರು ಕೂಡುತ್ತಾರೆ. ನಮ್ಮತ್ತೆ ಹಾಗೆ ಮಾಡುತ್ತಿದ್ದಳು. ಅವಳು ಹೋದ ಮೇಲೆ ಕತ್ತರಿ ನನ್ನ ಕೈಗೆ ಬಂತು, ದಿನ ಹೇಳುವ ಕೆಲಸವೂ ಬಂತು.

ಹೋದ ವರ್ಷ ಶಿವರಾತ್ರಿಗೆ ಇನ್ನೂ ಹತ್ತು ದಿನ ಇರುವಾಗಲೇ ಬಾತುಗಳು ಎದ್ದವು. ನಾನು ಕತ್ತರಿ ತೆಗೆದೆ. ಮಗ ಬೀರಪ್ಪ ಅಡ್ಡ ಬಂದ.

"ಯವ್ವಾ, ಬೆಳಿಗ್ಗಿ ಇನ್ನಾ ಥಂಡಿ ಐತಿ. ಒಂದು ವಾರ ತಡಿಯಾಣ."

"ಬಾತಿಗಿಂತ ನೀನು ಶಾಣ್ಯಾ ಏನಲೇ? ಸುಮ್ನ ಕುರಿ ಹಿಡಿ."

ಹಿಡಿದ. ಐದನೇ ದಿನ ಮಳೆ ಬಂತು. ಆ ಕಾಲದಲ್ಲಿ ಬರುವ ಮಳೆ ಅದಲ್ಲ. ಮೂರು ದಿನ ಗಾಳಿ ಸಮೇತ ಬಿತ್ತು. ಹಿನ್ನೀರಿನ ಬಯಲಲ್ಲಿ ಒಂದು ಗಿಡ ಇಲ್ಲ, ಮರೆ ಇಲ್ಲ. ಬೋಳು ಮೈಯ ಕುರಿಗಳು ಒಂದರ ಮೇಲೊಂದು ಬಿದ್ದು ಗುಂಪಾದವು. ಕೆಳಗಿನವು ಉಸಿರು ಕಟ್ಟಿ ಸತ್ತವು, ಮೇಲಿನವು ಥಂಡಿಗೆ ಸತ್ತವು. ಬೀರಪ್ಪ ನನಗೆ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಈ ವರ್ಷ ಬಾತುಗಳು ಬಂದದ್ದೇ ತಡ, ಬಂದದ್ದೂ ಅರ್ಧ. ಭಾರತ ಹುಣ್ಣಿಮೆಗೆ ಹಿನ್ನೀರು ಖಾಲಿ. ಬೀರಪ್ಪ ನನ್ನ ಮುಖ ನೋಡಿದ. ನಾನು ಕುರಿಗಳ ಕಡೆ ನೋಡಿದೆ. ಕತ್ತರಿಸು ಎನ್ನಲು ಬಾಯಿ ಬರಲಿಲ್ಲ, ಬೇಡ ಎನ್ನಲೂ ಬರಲಿಲ್ಲ. ಹೀಗೇ ಯುಗಾದಿ ಬಂತು. ಬಿಸಿಲು ಏರಿತು. ನೂರಾ ಎಂಬತ್ತು ಕುರಿ ಉಣ್ಣೆ ಹೊತ್ತುಕೊಂಡು ನಿಂತಿದ್ದವು.

ಆಗ ಸುನೀತಾ ಬಂದಳು. ಹರಪನಹಳ್ಳಿಯ ಹುಡುಗಿ. ಹಿನ್ನೀರಿನಲ್ಲಿ ಹಕ್ಕಿ ಎಣಿಸುವುದು, ಬಾತು ಹಿಡಿದು ಕೊರಳಿಗೆ ಪಟ್ಟಿ ಕಟ್ಟಿ ಬಿಡುವುದು ಅವಳ ಕೆಲಸ. ಯಾವ ವರ್ಷ ಬಾತು ಯಾವಾಗ ಬಂತು ಎಂದು ನನ್ನನ್ನು ಕೇಳಿ ಬರೆದುಕೊಳ್ಳುತ್ತಾಳೆ. ಯಾವ ಕುರಿ ಎಂದು ಈಯಿತು ಎಂಬುದು ನನಗೆ ನೆನಪಿರುತ್ತದೆ, ಅದರ ಮೇಲೆ ಹೇಳುತ್ತೇನೆ.

"ಅಜ್ಜಿ, ಈ ಬಾತು ಮೊಟ್ಟೆ ಇಡೋ ದೇಶದಾಗೆ ಒಂದು ಸಭೆ ಐತೆ. ಹಕ್ಕಿ ನೋಡೋರು ಬರ್ತಾರೆ. ಕುರಿ ಕಾಯೋರು ಒಬ್ರು ಬರ್ಬೇಕಂತೆ. ನೀವು ಬರ್ರಿ."

ಸೊಸೆ ಬಾಯಿಗೆ ಸೆರಗು ಹಿಡಿದಳು. "ಅತ್ತಿ, ಅಲ್ಲಿ ಚಳಿಗೆ ಮೂಗು ಉದುರಿ ಬೀಳ್ತೈತಂತ!"

"ಬಿದ್ರ ಬೀಳ್ಲಿ. ನತ್ತು ಹಾಕೋದು ಬಿಟ್ಟು ಹತ್ತು ವರ್ಷ ಆತು."

ಅವರ ಮುಂದೆ ಹೀಗೆ ಅಂದೆ. ಒಳಗೆ ನನಗೆ ಒಂದೇ ಆಸೆ. ಯಾಕೆ ಬೇಗ ಹೋದಿರಿ ಎಂದು ಆ ಬಾತುಗಳನ್ನು ಅವುಗಳ ಮನೆಯಲ್ಲೇ ನಿಂತು ಕೇಳಬೇಕು. ಅಲ್ಲಿಯ ನೆಲ ನೋಡಿದರೆ ಉತ್ತರ ಸಿಕ್ಕೀತು. ಸಿಕ್ಕರೆ ಬೀರಪ್ಪನಿಗೆ ಒಂದು ಮಾತು ಹೇಳಬಹುದು.

ವಿಮಾನ ನಿಲ್ದಾಣ

ಬೆಂಗಳೂರಿನಲ್ಲಿ ಕೈಚೀಲವನ್ನು ಒಂದು ಗವಿಯೊಳಗೆ ಕಳಿಸಿ ಆ ಕಡೆಯಿಂದ ತೆಗೆದುಕೊಳ್ಳಬೇಕು. ಎಲ್ಲರ ಚೀಲ ಬಂತು, ನನ್ನದು ಬರಲಿಲ್ಲ. ಖಾಕಿ ಉಟ್ಟ ಹೆಣ್ಣುಮಗಳು ಅದನ್ನು ಬೇರೆ ಇಟ್ಟು ನನ್ನನ್ನು ಕರೆದಳು. ರೊಟ್ಟಿ ತೆಗೆದಳು, ಶೇಂಗಾ ಚಟ್ನಿಯ ಡಬ್ಬಿ ತೆಗೆದು ಮೂಸಿದಳು. ಕೊನೆಗೆ ಹಳೆ ಸೀರೆಯ ಗಂಟು ಬಿಚ್ಚಿದಳು. ಒಳಗೆ ಮೊಳದುದ್ದದ ಉಣ್ಣೆ ಕತ್ತರಿ.

"ಏನಮ್ಮಾ ಇದು?"

"ಕುರಿ ಕತ್ತರಿ."

"ಪ್ಲೇನಲ್ಲಿ ಕುರಿ ಎಲ್ಲಿದೆ?"

ಹಿಂದೆ ನಿಂತವರು ನಕ್ಕರು. ಸುನೀತಾ ಓಡಿ ಬಂದಳು. "ಅಯ್ಯೋ ಅಜ್ಜಿ, ಇದ್ನ ಯಾಕ್ರಿ ತಂದ್ರಿ?"

"ನಾನು ಇಲ್ದಾಗ ಬೀರ್ಯಾ ಕತ್ತರಿಸ್ಯಾನು ಅಂತ ತಂದೆ."

ಮನೆಯ ಕತ್ತರಿ ಮನೆಯಲ್ಲಿ ಇಲ್ಲದಿದ್ದರೆ ಕುರಿಗೆ ಯಾರೂ ಕೈ ಹಚ್ಚುವುದಿಲ್ಲ, ನಮ್ಮಲ್ಲಿ ಹಾಗೆ. ಅದು ಖಾಕಿಯವಳಿಗೆ ಗೊತ್ತಿಲ್ಲ. ಗೊತ್ತಿದ್ದರೂ ಬಿಡುವಂತಿರಲಿಲ್ಲ. ಚಾಕು, ಲೈಟರು ತುಂಬಿದ ಒಂದು ಡಬ್ಬದಲ್ಲಿ ನಮ್ಮತ್ತೆಯ ಕತ್ತರಿಯನ್ನು ಹಾಕಿದಳು. ಟಣ್ ಎಂದಿತು. ನಲವತ್ತು ವರ್ಷ ಜೋಪಾನ ಮಾಡಿದ ವಸ್ತು. ಜಗಳ ಮಾಡೋಣ ಎಂದರೆ ತಪ್ಪು ನನ್ನದೇ.

ವಿಮಾನದಲ್ಲಿ ಎರಡು ಸಲ ಇಳಿದು ಹತ್ತಿದೆವು. ಮೂರನೆಯದರಲ್ಲಿ ಸುನೀತಾ ಕಿಟಕಿ ತೋರಿಸಿ, "ನೋಡ್ರಿ, ಹಿಮದ ಗುಡ್ಡ. ನಿಮ್ಮ ಬಾತು ಇದ್ನ ದಾಟಿ ಬರ್ತಾವೆ" ಎಂದಳು. ಕೆಳಗೆ ಗುಡ್ಡದ ಹಿಂದೆ ಗುಡ್ಡ, ಎಲ್ಲ ಬಿಳಿ, ಒಂದು ಹೊಗೆಯ ಎಳೆ ಇಲ್ಲ. ನಮ್ಮ ಹಿನ್ನೀರಿನಲ್ಲಿ ಕೆಸರು ಮೆತ್ತಿಕೊಂಡು ಕಡ್ಲೆ ಮುಕ್ಕುವ ಆ ಹಕ್ಕಿ ಇದರ ಮೇಲೆ ರೆಕ್ಕೆ ಬಡಿದುಕೊಂಡು ಬರುತ್ತದೆಯಂತೆ. ಅಷ್ಟು ದೂರದಿಂದ ಬರುವುದಕ್ಕೆ ದಾರಿಯಲ್ಲಿ ಏನೇನು ಆಗುತ್ತದೋ. ಅದು ಒಂದು ದಿನ ಬೇಗ ಎದ್ದರೆ ಅದರ ಕಾರಣ ಈ ಗುಡ್ಡದ ಆಚೆ ಎಲ್ಲೋ ಇರುತ್ತದೆ. ನಾನು ಅದನ್ನು ನಂಬಿ ಕತ್ತರಿ ಹಿಡಿದಿದ್ದೆ. ವಿಮಾನ ಕುಲುಕಿತು. ಎಲ್ಲರೂ ಪಟ್ಟಿ ಬಿಗಿದುಕೊಂಡರು. ನಾನು ಕೊಟ್ಟೂರು ಬಸವೇಶ್ವರನನ್ನು ಕರೆದೆ.

ಉಲಾನ್‌ಬಾತರ್

ಇದು ಅವರ ರಾಜಧಾನಿ. ಊರ ತುಂಬ ಕಲ್ಲಿದ್ದಲಿನ ಹೊಗೆ. ಹೊರಗೆ ಮೂಗಿನ ಕೂದಲು ಗಟ್ಟಿಯಾಗುವ ಚಳಿ, ಒಳಗೆ ರೊಟ್ಟಿ ಸುಡುವ ಒಲೆಯ ಮುಂದಿನಷ್ಟು ಸೆಖೆ. ಬಾಗಿಲು ದಾಟಿದಾಗಲೆಲ್ಲ ಮೂರು ಬಟ್ಟೆ ತೆಗೆಯಬೇಕು, ಮೂರು ಹಾಕಬೇಕು. ಸೊಸೆಯ ಮಾತಿನಂತೆ ದಿನಕ್ಕೆ ಎರಡು ಸಲ ಮೂಗು ಮುಟ್ಟಿ ನೋಡಿಕೊಂಡೆ.

ಸಭೆಯ ಬಾಗಿಲಲ್ಲಿ ಒಬ್ಬ ದೊಡ್ಡ ಗಂಡಸು ಬೂಟುಗಾಲಲ್ಲಿ ನನ್ನ ಪಾದ ತುಳಿದ. ತುಳಿದವನು ನನ್ನ ಕೈ ಗಪ್ಪನೆ ಹಿಡಿದುಕೊಂಡ. ನನಗೆ ಜೀವ ಹೋಯಿತು.

"ಏನಲೇ ನಿಂದು? ಬಿಡಲೇ ಕೈ!"

ಸುನೀತಾ ನಡುವೆ ಬಂದು ನಕ್ಕಳು. "ಇಲ್ಲಿ ಕಾಲು ತುಳಿದ್ರೆ ಕೈ ಕುಲುಕ್ಬೇಕಂತೆ ಅಜ್ಜಿ. ಇಲ್ಲಾಂದ್ರೆ ಮುಂದೆ ಜಗಳ ಆಗ್ತದಂತೆ." ನಮ್ಮಲ್ಲಿ ಕಾಲು ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತೇವೆ. ಎರಡೂ ಒಂದೇ. ಆದರೆ ಅವನ ಕೈ ದೊಡ್ಡದಿತ್ತು.

ಸಭೆಯಲ್ಲಿ ಗೋಡೆಯ ಮೇಲೆ ನಕಾಶೆ ಹಾಕಿದರು. ಕೊರಳಿಗೆ ಪಟ್ಟಿ ಕಟ್ಟಿದ ಬಾತುಗಳು ಚಳಿಗಾಲ ಎಲ್ಲಿ ಕಳೆದವು ಎಂಬುದಕ್ಕೆ ಕೆಂಪು ಚುಕ್ಕೆ. ಮೊದಲಿನ ವರ್ಷಗಳ ಚುಕ್ಕೆ ಕೆಳಗೆ ನಮ್ಮ ಕಡೆ ತನಕ ಬಂದಿದ್ದವು. ಆಮೇಲಿನವು ಮೇಲಕ್ಕೆ ಸರಿದಿದ್ದವು. ಕೆಲವು ಹಿಮದ ಗುಡ್ಡ ದಾಟದೆ ಆ ಕಡೆಯೇ ನಿಂತಿದ್ದವು. ಅಲ್ಲಿಯ ಚಳಿ ಮೊದಲಿನಂತೆ ಕೊಲ್ಲುವುದಿಲ್ಲವಂತೆ, ನೀರು ಪೂರಾ ಗಟ್ಟಿಯಾಗುವುದಿಲ್ಲವಂತೆ. ಮೇವು ಸಿಕ್ಕರೆ ಹಕ್ಕಿ ಮುಂದೆ ಯಾಕೆ ಹಾರಬೇಕು? ನಾನು ಕುರಿಯವಳು, ನನಗೆ ಇದು ಅರ್ಥವಾಗುವ ಮಾತು. ಹತ್ತಿರ ಹುಲ್ಲು ಇದ್ದರೆ ನಾವೂ ದೂರ ಹೋಗುವುದಿಲ್ಲ.

ಸುನೀತಾಳ ಕೈಯಲ್ಲಿ ಒಂದು ಪ್ರಶ್ನೆ ಕೇಳಿಸಿದೆ. "ಹಂಗಾದ್ರ ಒಂದಿನ ನಮ್ಮ ಕಡಿ ಬರೋದ ಬಿಡ್ತಾವೇನು?"

ನಕಾಶೆಯ ಮುಂದೆ ನಿಂತವನು ಚಹಾ ಗುಟುಕರಿಸಿ, ಆಗಬಹುದು, ಎಂದ. ಅಷ್ಟೇ. ಅವನದು ತಪ್ಪಲ್ಲ. ಅವನು ಹಕ್ಕಿಯ ಬಗ್ಗೆ ಹೇಳುತ್ತಿದ್ದ. ನಾನು ಕುರಿಯ ಲೆಕ್ಕ ಹಾಕುತ್ತಿದ್ದೆ. ಬಾತು ಬೇಗ ಹೋದರೆ ತಪ್ಪು ದಿನವಾದರೂ ಒಂದು ದಿನ ಸಿಗುತ್ತದೆ. ಬಾರದೇ ಹೋದರೆ?

ದುಲ್ಮಾಳ ಮನೆ

ಸಭೆ ಮುಗಿದ ಮೇಲೆ ಬಾತುಗಳ ಕೆರೆಗೆ ಕರೆದುಕೊಂಡು ಹೋದರು. ಎರಡು ದಿನದ ದಾರಿ, ಆದರೆ ದಾರಿ ಇಲ್ಲ. ಬಯಲಲ್ಲಿ ಡ್ರೈವರ್ ತನಗೆ ತೋಚಿದ ಕಡೆ ಹೊಡೆಯುತ್ತಾನೆ. ಗುಡೇಕೋಟೆ ಗುಡ್ಡಗಳಲ್ಲಿ ಕಲ್ಲಾದರೂ ಇದೆ, ಜಾಲಿಯಾದರೂ ಇದೆ. ಇಲ್ಲಿ ಕಣ್ಣು ಎಲ್ಲಿಯೂ ನಿಲ್ಲುವುದಿಲ್ಲ. ಗಾಡಿ ಕೆಟ್ಟರೆ ಕೂಗಿದ ಸದ್ದು ಯಾರಿಗೂ ಮುಟ್ಟುವುದಿಲ್ಲ. ನಾನು ಎರಡು ದಿನ ಎಂಜಿನ್ನಿನ ಸದ್ದನ್ನೇ ಕೇಳುತ್ತ ಕೂತೆ.

ಇಳಿದದ್ದು ದುಲ್ಮಾ ಎಂಬ ಕುರಿಯವಳ ಮನೆಯಲ್ಲಿ. ನನ್ನ ವಾರಗೆಯವಳು, ಕೆಂಪು ಕೆನ್ನೆ, ನಾಲ್ಕು ಹಲ್ಲು. ಗಂಡ ಇಲ್ಲ. ಮಗ ಇದ್ದಾನೆ. ಸೊಸೆ ಸೊಲೊಂಗೊ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಾಳೆ. ದುಲ್ಮಾ ಅಂದದ್ದನ್ನು ಸೊಲೊಂಗೊ ಇಂಗ್ಲಿಷಿಗೆ ತಂದು, ಸುನೀತಾ ಕನ್ನಡಕ್ಕೆ ತಂದು ನನಗೆ ಮುಟ್ಟಿಸುತ್ತಿದ್ದಳು. ಮಾತು ಮೂರು ಮನೆ ತಿರುಗಿ ಬರುವಷ್ಟರಲ್ಲಿ ನಾವಿಬ್ಬರು ಮುದುಕಿಯರು ಮುಖ ನೋಡಿಯೇ ಅರ್ಧ ತಿಳಿದುಕೊಂಡಿರುತ್ತಿದ್ದೆವು.

ಅವರ ಮನೆ ದುಂಡಗೆ, ಗೋಡೆಯೇ ಉಣ್ಣೆ. ಉಣ್ಣೆಯನ್ನು ಒದ್ದೆ ಮಾಡಿ ಹೊಡೆದು ಹಾಸಿದ್ದು. ಬಿಚ್ಚಿ ಮಡಚಿ ಹೊತ್ತೊಯ್ಯಬಹುದು. ಹೊಸ್ತಿಲು ತುಳಿಯಬಾರದು ಎಂದು ಸೊಲೊಂಗೊ ಎಚ್ಚರಿಸಿದಳು. ನಮಗೆ ಅದನ್ನು ಹೇಳಬೇಕೇ? ಒಲೆಗೆ ಒಣ ಸಗಣಿ. ಚಹಾಕ್ಕೆ ಸಕ್ಕರೆ ಇಲ್ಲ, ಉಪ್ಪು. ಕುಡಿದು ಮುಖ ಕಿವುಚಿದೆ, ದುಲ್ಮಾ ಇನ್ನೊಂದು ಬಟ್ಟಲು ಸುರಿದಳು. ಕುದಿಸಿದ ಮಾಂಸಕ್ಕೆ ಖಾರ ಇಲ್ಲ. ನಾನು ಶೇಂಗಾ ಚಟ್ನಿಯ ಡಬ್ಬಿ ತೆಗೆದು ಅವಳ ಮುಂದೆ ಇಟ್ಟೆ. ಚಮಚ ತುಂಬ ಬಾಯಿಗೆ ಹಾಕಿಕೊಂಡಳು. ಕಣ್ಣಲ್ಲಿ ನೀರು ಬಂತು. ಬಾಯಿ ತೆರೆದು ಕೈಯಲ್ಲಿ ಗಾಳಿ ಹಾಕಿಕೊಂಡು ಏನೋ ಅಂದಳು.

"ಏನಂತಾಳ?"

"ಒಲೆ ಹಚ್ಚೋ ಖರ್ಚು ಉಳಿತು ಅಂತಾಳೆ" ಎಂದಳು ಸುನೀತಾ.

ಆಮೇಲೆ ನನ್ನ ಕಂಬಳಿಯ ತುದಿ ಹಿಡಿದು ಉಜ್ಜಿದಳು, ಮೂಸಿದಳು. ಒರಟು ಎಂದಳು. ನಾನು ಹೊರಗೆ ಹೋಗಿ ಅವಳ ಕುರಿ ನೋಡಿ ಬಂದು, "ನಿಮ್ಮ ಕುರಿಗೆ ಹಿಂದ ತಲೆದಿಂಬು ಕಟ್ಟೀರೇನು?" ಎಂದು ಕೇಳಿಸಿದೆ. ಅವುಗಳ ಬಾಲದಲ್ಲಿ ಅಷ್ಟು ಕೊಬ್ಬು. ಇಬ್ಬರಿಗೂ ಸಮಾಧಾನವಾಯಿತು.

ಫೋನು ಹತ್ತುವುದು ಮನೆಯ ಹಿಂದಿನ ಗುಡ್ಡದ ತುದಿಯಲ್ಲಿ ಮಾತ್ರ. ದಿನಾ ಸಂಜೆ ಸುನೀತಾಳ ಕೈ ಹಿಡಿದು ಹತ್ತುತ್ತಿದ್ದೆ.

"ಯವ್ವಾ, ಬಿಸಲು ಬೆಂಕಿ ಆಗೈತಿ. ಕುರಿ ಬಾಯಿ ತಕ್ಕೊಂಡು ತೇಕತಾವ. ಎಲ್ಲಾರೂ ಕತ್ತರಿಸ್ಯಾರ, ನಾವೊಬ್ರ ಉಳಿದೀವಿ. ಮಂದಿ ನಗತಾರ."

"ನಗವಲ್ರ್ಯಾಕ. ಮಳಿ ಮಾಡ ಐತೇನು?"

"ಸಂಜಿಗೆ ಹಡಗಲಿ ಕಡಿ ಮಿಂಚತೈತಿ. ಕೊಟ್ಟೂರಾಗ ಹೊಸಾ ಕತ್ತರಿ ತಂದಿಟ್ಟೀನಿ. ನೀ ಹ್ಞೂಂ ಅಂದ್ರ ಸಾಕು."

"ತಡಿ."

ಮೂರು ಸಂಜೆ ಮೂರು ಸಲ ಅದೇ ಹೇಳಿದೆ. ಮೂರನೇ ಸಲ ಅವನು ಫೋನು ಇಟ್ಟುಬಿಟ್ಟ.

ಕೆರೆ

ಬಾತುಗಳು ಬಂದಿವೆ ಎಂದು ದುಲ್ಮಾಳ ಮಗ ಬೆಳಿಗ್ಗೆ ಸುದ್ದಿ ತಂದ. ದುಲ್ಮಾ ಕುಡಿಯುತ್ತಿದ್ದ ಬಟ್ಟಲು ಕೆಳಗಿಟ್ಟಳು. ಸಂತೋಷದ ಮುಖವಲ್ಲ ಅದು.

ಕೆರೆ ಎಂದರೆ ನೀರಿಲ್ಲ. ಈ ದಡದಿಂದ ಆ ದಡಕ್ಕೆ ಬಿಳಿ ಕಲ್ಲಿನ ಚಪ್ಪಡಿಯಂತೆ ಗಟ್ಟಿ. ಅದರ ಮೇಲೆ ನಮ್ಮ ಬಾತುಗಳು ನಿಂತಿದ್ದವು. ಅದೇ ಪಟ್ಟೆ, ಅದೇ ಕೊರಳು, ಅದೇ ಕ್ವಾಂಕ್ ಕ್ವಾಂಕ್. ಒಂದರ ಕೊರಳಲ್ಲಿ ಸುನೀತಾ ಕಟ್ಟಿದ ಪಟ್ಟಿ ಇತ್ತು. ಅವಳು ದುರ್ಬೀನಿನಲ್ಲಿ ಅಂಕಿ ಓದಿ ಕುಣಿದಳು, "ಅಜ್ಜಿ, ನಮ್ಮ ಹಿನ್ನೀರಿಂದು! ನಮ್ಮದು!" ಎಂದಳು. ನನಗೂ ಒಂದು ಗಳಿಗೆ ಊರವರು ಸಿಕ್ಕಂತೆ ಆಯಿತು.

ಆಮೇಲೆ ಸರಿಯಾಗಿ ನೋಡಿದೆ. ಅವು ಮೇಯುತ್ತಿರಲಿಲ್ಲ. ಮೇಯಲು ಏನೂ ಇರಲಿಲ್ಲ. ಒಂದು ಕಾಲು ಎತ್ತಿ ಹೊಟ್ಟೆಗೆ ಒತ್ತಿಕೊಂಡು, ಗಾಳಿಗೆ ಬೆನ್ನು ಕೊಟ್ಟು ಸುಮ್ಮನೆ ನಿಂತಿದ್ದವು. ದಡದಲ್ಲಿ ಎರಡು ಸತ್ತು ಬಿದ್ದಿದ್ದವು. ಸುನೀತಾ ನನಗೆ ಮುಟ್ಟಬೇಡಿ ಎಂದು ಹೇಳಿ, ಕೈಗವಸು ಹಾಕಿ ಒಂದನ್ನು ಎತ್ತಿದಳು. ಎದೆಯ ಮೂಳೆ ಚೂರಿಯಂತೆ ಎದ್ದು ನಿಂತಿತ್ತು. ಕಡ್ಲೆ ತಿಂದು ಉಬ್ಬಿದ ಎದೆ ನೋಡಿದವಳು ನಾನು.

ದುಲ್ಮಾ ಹೇಳಿದ್ದನ್ನು ಸುನೀತಾ ನಿಧಾನಕ್ಕೆ ಹೇಳಿದಳು. "ಮೊದ್ಲೆಲ್ಲಾ ಕೆರೆ ಅಂಚಿಗೆ ನೀರು ಬಿಟ್ಟ ಮೇಲೆ ಬರ್ತಿದ್ವಂತೆ. ಈ ವರ್ಷ ದಾರ್ಯಾಗೆ ಎಲ್ಲೋ ಬೆಚ್ಚಗಾಗೇತೆ, ಹೊಂಟು ಬಂದಾವೆ. ಇಲ್ಲಿ ಮತ್ತೆ ಚಳಿ ತಿರುಗೇತೆ. ಹೋದ ವರ್ಷ ಉಲ್ಟಾ ಅಂತೆ. ಇವು ಬರೋಕೆ ಮುಂಚೇನೇ ಎಲ್ಲಾ ಕರಗಿತ್ತಂತೆ."

ಯಾಕೆ ಬೇಗ ಹೋದಿರಿ ಎಂದು ಕೇಳಲು ಸಾವಿರ ಹರದಾರಿ ಬಂದಿದ್ದೆ. ಕೇಳಲಿಲ್ಲ. ಅವಕ್ಕೂ ಗೊತ್ತಿಲ್ಲ. ತಪ್ಪು ದಿನ ನೋಡಿ ಹೊರಟು, ತಪ್ಪು ದಿನ ಬಂದು ನಿಂತಿದ್ದವು. ನಮ್ಮತ್ತೆ, ಅವಳ ಅತ್ತೆ, ನಾನು, ಎಲ್ಲರೂ ಇವಕ್ಕೆ ತಿಳಿದಿದೆ ಎಂದು ನಂಬಿ ಬದುಕಿದ್ದೆವು. ತಿಳಿದವರು ಯಾರೂ ಇಲ್ಲ ಎಂದು ಗೊತ್ತಾದಾಗ ನನಗೆ ಆದ ಹೆದರಿಕೆ ಕುರಿ ಸತ್ತಾಗಲೂ ಆಗಿರಲಿಲ್ಲ. ಆಗ ಅತ್ತೆ ಇದ್ದಿದ್ದರೆ ಸರಿಯಾಗಿ ಹೇಳುತ್ತಿದ್ದಳು ಎಂಬ ಧೈರ್ಯ ಇತ್ತು.

ಹೊಳೆ

ದುಲ್ಮಾಳದೂ ನನ್ನಂಥದೇ ಒಂದು ಲೆಕ್ಕ. ಬಾತು ಬಂದ ಮೂರು ದಿನದೊಳಗೆ ಅವರು ಕುರಿಗಳನ್ನು ಹೊಳೆ ದಾಟಿಸಬೇಕು. ಕುರಿ ಈಯುವ ಜಾಗ ಆ ದಡದಲ್ಲಿದೆ, ಅಲ್ಲಿ ಗುಡ್ಡದ ಮರೆ ಇದೆ, ಹುಲ್ಲು ಉಳಿದಿರುತ್ತದೆ. ಮೂರು ದಿನ ದಾಟಿದರೆ ಹೊಳೆಯ ಹಿಮ ಒಡೆಯುತ್ತದೆ. ಹೋದ ವರ್ಷ ಅದೇ ಲೆಕ್ಕ ಹಿಡಿದು ಹೋಗಿದ್ದಳು. ಬಾತು ಬರುವ ಮೊದಲೇ ಹಿಮ ತೆಳುವಾಗಿತ್ತು. ನಡುಹೊಳೆಯಲ್ಲಿ ಬಾಯಿ ತೆರೆಯಿತು. ಎಷ್ಟು ಹೋದವು ಎಂದು ನಾನು ಕೇಳಿದೆ. ಅವಳು ತನ್ನ ಬೂಟು ನೋಡಿಕೊಂಡಳು. ನಾನು ಮತ್ತೆ ಕೇಳಲಿಲ್ಲ.

ಚಳಿ ತಿರುಗುವ ಮೊದಲು ಹೊಳೆ ಎಷ್ಟು ಸಡಿಲಾಗಿತ್ತೋ ಯಾರಿಗೂ ತಿಳಿಯದು. ಈ ಸಲ ಅವಳ ಮಗ ಹಾರೆ ತೆಗೆದುಕೊಂಡು ಹೊಳೆಯ ಮೇಲೆ ಕುಟ್ಟುತ್ತ ಹೋದ. ಕೆಲವು ಕಡೆ ಠಣ್ ಎಂದಿತು, ಕೆಲವು ಕಡೆ ದಬ್ ಎಂದಿತು. ಠಣ್ ಎಂದ ಕಡೆ ಕುರಿ ಹಿಕ್ಕೆಯ ಪುಡಿ ಚೆಲ್ಲಿ ಕಾಲುದಾರಿ ಮಾಡಿದರು, ಗೊರಸು ಜಾರದಿರಲಿ ಎಂದು. ಬಿಳಿ ಹೊಳೆಯ ಮೇಲೆ ಕರಿ ದಾರಿ, ಅಂಕುಡೊಂಕು.

ದುಲ್ಮಾ ಹಿಂಡಿನೊಳಗೆ ಹೋಗಿ ಕುರಿಗಳನ್ನು ಎರಡು ಪಾಲು ಮಾಡತೊಡಗಿದಳು. ನನಗೆ ಸಿಟ್ಟು ಬಂತು.

"ಹಿಂಡು ಒಡಿಬಾರ್ದು ಅಂತ ಹೇಳು ಆಕಿಗೆ. ಆ ಕಡಿ ಈ ಕಡಿ ನಿಂತು ಒದರಿ ಸಾಯ್ತಾವ."

ಸುನೀತಾ ಹೇಳಿಸಿದಳು. ದುಲ್ಮಾ ನನ್ನ ಕಡೆ ತಿರುಗದೆ ಉತ್ತರ ಕೊಟ್ಟಳು.

"ಹಿಮ ಒಡೆದ್ರೆ ಅರ್ಧ ಹೋಗ್ಲಿ ಅಂತಾಳೆ. ಪೂರಾ ಹೋಗೋದು ಬ್ಯಾಡ ಅಂತೆ."

ಇವಳಿಗೆ ಎದೆಯಲ್ಲಿ ಕಲ್ಲಿದೆ ಎಂದುಕೊಂಡೆ. ಹೋಗುವ ಅರ್ಧವನ್ನು ಬೆಳಗಾಗಿ ಎದ್ದು ಕೈಯಾರೆ ಆರಿಸುವ ಕುರಿಯವಳನ್ನು ನಾನು ನೋಡಿರಲಿಲ್ಲ.

ಮುಂದಿನ ಕುರಿ ಹಿಮದ ಅಂಚಿಗೆ ಬಂದು ನಿಂತಿತು. ಹೊಡೆದರೂ ಹೋಗಲಿಲ್ಲ. ಎಲ್ಲ ದೇಶದ ಕುರಿಗೂ ಒಂದೇ ಬುದ್ಧಿ. ಅದರ ಮರಿ ಬೇಗ ಹುಟ್ಟಿದ್ದು, ಇನ್ನೂ ಹೊಕ್ಕಳು ಒಣಗಿರಲಿಲ್ಲ. ದುಲ್ಮಾ ಆ ಮರಿಯನ್ನು ಎತ್ತಿ ನನ್ನ ಕೈಗೆ ಕೊಟ್ಟು, ಹೊಳೆಯ ಕಡೆ ಗದ್ದ ತೋರಿಸಿದಳು. ಮರಿ ಮುಂದೆ ಹೋದರೆ ತಾಯಿ ಬರುತ್ತದೆ, ತಾಯಿಯ ಹಿಂದೆ ಎಲ್ಲ ಬರುತ್ತವೆ. ಈ ಕೆಲಸ ನಾನು ಸಾವಿರ ಸಲ ಮಾಡಿದ್ದೇನೆ, ನೆಲದ ಮೇಲೆ.

ಮರಿಯನ್ನು ಕಂಬಳಿಯೊಳಗೆ ಹಾಕಿಕೊಂಡು, ತಾಯಿಗೆ ಮುಖ ಕಾಣುವಂತೆ ಹಿಡಿದು, ಹಿಂದಹಿಂದಕ್ಕೆ ನಡೆದೆ. ಮರಿ ಸುಮ್ಮನಿದ್ದಾಗ ನಾನೇ ಮ್ಯಾ ಎಂದೆ. ತಾಯಿ ಕಾಲಿಟ್ಟಿತು. ಇನ್ನೊಂದು ಇಟ್ಟಿತು. ಹಿಂದೆ ಎಲ್ಲ ಇಳಿದವು. ಆಗ ಕೆಳಗೆ ಸದ್ದು ಶುರುವಾಯಿತು. ಗುಡುಗು ಮೇಲಿನಿಂದ ಬರುವುದು ನನಗೆ ಗೊತ್ತು, ಇದು ಪಾದದ ಕೆಳಗಿನಿಂದ ಬಂತು. ದೂರ ಎಲ್ಲೋ ಹೊರಟು, ನಮ್ಮ ಕೆಳಗೆ ಹಾದು, ಆ ಕಡೆ ಹೋಯಿತು. ಹಿಮದೊಳಗೆ ಒಂದು ಬಿಳಿ ಗೆರೆ ನನ್ನ ಎರಡು ಕಾಲಿನ ನಡುವೆ ಓಡಿತು. ನಿಂತುಬಿಡೋಣ ಎನಿಸಿತು. ನಿಂತರೆ ಕುರಿ ಎಲ್ಲ ಒಂದೇ ಕಡೆ ಸೇರಿ ಭಾರವಾಗುತ್ತದೆ. ಮ್ಯಾ ಎನ್ನುತ್ತ ಹೋದೆ. ಬಾಯಿ ಒಣಗಿ ಸದ್ದು ಬರಲಿಲ್ಲ, ಆದರೂ ಎಂದೆ. ಉಚ್ಚೆ ಹೋಯಿತು. ನಾಚಿಕೆ ಏನಿಲ್ಲ, ಬರೆಯುತ್ತೇನೆ.

ಹಿಮ್ಮಡಿಗೆ ಕಲ್ಲು ತಾಗಿದಾಗ ಕುಸಿದು ಕೂತೆ. ಅರ್ಧ ಹಿಂಡು ನನ್ನ ಸುತ್ತ ಬಂದು ನಿಂತಿತು. ದುಲ್ಮಾ ಬಂದಳು, ಸೊಲೊಂಗೊ, ಸುನೀತಾ ಬಂದರು. ದುಲ್ಮಾಳ ಮಗ ಉಳಿದರ್ಧದ ಜೊತೆ ನಾವು ಬಿಟ್ಟು ಬಂದ ಆ ದಡದಲ್ಲಿದ್ದ. ಇನ್ನೇನು ಅವನೂ ಇಳಿಯಬೇಕು, ಅಷ್ಟರಲ್ಲಿ ನಡುಹೊಳೆಯಲ್ಲಿ ಹಿಮ ಸೀಳಿತು. ಕರಿ ನೀರು ಉಕ್ಕಿ ನಾವು ಚೆಲ್ಲಿದ ಹಿಕ್ಕೆಯ ದಾರಿಯನ್ನು ತೊಳೆದುಕೊಂಡು ಹೋಯಿತು. ಅವನು ಆ ದಡದಲ್ಲಿ ಕೈ ಎತ್ತಿದ, ಸೊಲೊಂಗೊ ಈ ದಡದಲ್ಲಿ ಕೈ ಎತ್ತಿದಳು. ಎರಡೂ ದಡದಲ್ಲಿ ಕುರಿಗಳು ಒಂದನ್ನೊಂದು ಕರೆಯತೊಡಗಿದವು.

ಮತ್ತೆ ಚಳಿ ಬಿದ್ದು ಹಿಮ ಕೂಡಿಕೊಳ್ಳಬೇಕು, ಇಲ್ಲ ಅವನು ಸೇತುವೆ ಹುಡುಕಿ ಸುತ್ತಿ ಬರಬೇಕು. ಅವನ ಕಡೆ ಮೇವು ಅಷ್ಟು ದಿನ ಇದೆಯೋ ಇಲ್ಲವೋ. ದುಲ್ಮಾ ಒಲೆ ಹೂಡಿ ಚಹಾಕ್ಕೆ ಇಟ್ಟಳು.

ಈ ದಡದ ಗುಡ್ಡ

ಈ ದಡದಲ್ಲೂ ಒಂದು ಗುಡ್ಡ ಹತ್ತಿದರೆ ಫೋನು ಸಿಗುತ್ತಿತ್ತು. ಹೊತ್ತು ಇಳಿಯುವ ಮೊದಲು ಹತ್ತಿದೆ. ಬೀರಪ್ಪ ಒಂದೇ ರಿಂಗಿಗೆ ಎತ್ತಿದ.

"ಎರಡು ಬಿದ್ವು ಯವ್ವಾ. ಬಿಸಲಿಗೆ. ಮಧ್ಯಾಹ್ನ ಬಿದ್ದವು ಏಳಲಿಲ್ಲ. ಈಗ ನೋಡಿದ್ರ ಕರೀ ಮಾಡ ಎದ್ದೈತಿ. ಇವತ್ತಾರ ಹೇಳು."

"ಅರ್ಧ ಕತ್ತರಿಸು."

"ಏನು?"

"ಅರ್ಧ. ಅರ್ಧ ಹಂಗ ಬಿಡು."

"ಮಳಿ ಬಂದ್ರ?"

"ಕತ್ತರಿಸಿದ್ವು ಹೋಗ್ತಾವ."

"ಬರ್ಲಿಲ್ಲಂದ್ರ?"

"ಬಿಟ್ಟವು ಬಿಸಲಿಗೆ ಬೀಳ್ತಾವ. ಎಲ್ಲಾ ಹೋಗಂಗಿಲ್ಲ."

ಅಲ್ಲಿ ಕುರಿ ಒದರುವುದು ನನಗೆ ಕೇಳುತ್ತಿತ್ತು, ಇಲ್ಲಿಯವು ಒದರುವುದು ಅವನಿಗೂ ಕೇಳಿರಬೇಕು.

"ಯಾವ ಅರ್ಧ ಯವ್ವಾ?"

ಇಂಥ ಮಾತು ನನ್ನನ್ನು ಯಾರೂ ಕೇಳಿರಲಿಲ್ಲ. ಒಂದೊಂದೇ ಕುರಿ ಕಣ್ಣ ಮುಂದೆ ಬಂತು. ಎಲ್ಲಕ್ಕೂ ಹೆಸರಿದೆ.

"ಹಲ್ಲು ಸವೆದವನ್ನೆಲ್ಲಾ ಕತ್ತರಿಸು. ಮರಿ ಹಾಕೋವಕ್ಕ ಕೈ ಹಚ್ಚಬ್ಯಾಡ. ಮೊದಲ ಹಿಡಿ ಉಣ್ಣಿ ನಿನ್ನ ಹೆಂಡ್ತಿ ಕೈಲಿ ತೆಗೆಸು. ಇನ್ನ ಮ್ಯಾಲೆ ನನ್ನ ಕೇಳಬ್ಯಾಡ, ನನಗ ಗೊತ್ತಿಲ್ಲ."

ಮಳೆ ಬಂತೋ ಇಲ್ಲವೋ ಎಂದು ಕೇಳುವವರಿಗೆ ಹೇಳಿಬಿಡುತ್ತೇನೆ. ನಾಲ್ಕನೇ ದಿನ ಬಂತು, ಒಂದೇ ತಾಸು, ಆಲಿಕಲ್ಲು ಸಮೇತ. ಕತ್ತರಿಸಿದವುಗಳಲ್ಲಿ ಹನ್ನೊಂದು ಹೋದವು. ಕತ್ತರಿಸದವುಗಳಲ್ಲಿ ಬಿಸಿಲಿಗೆ ಒಟ್ಟು ಆರು. ಎಲ್ಲ ಕತ್ತರಿಸಿದ್ದರೆ ಎಷ್ಟು ಹೋಗುತ್ತಿದ್ದವು, ಎಲ್ಲ ಬಿಟ್ಟಿದ್ದರೆ ಎಷ್ಟು, ಯಾರು ಹೇಳುತ್ತಾರೆ? ಆ ಸಂಜೆ ಗುಡ್ಡ ಇಳಿಯುವಾಗ ನನಗೆ ಇದು ಯಾವುದೂ ಗೊತ್ತಿರಲಿಲ್ಲ.

ಕೆಳಗೆ ದುಲ್ಮಾ ಒಲೆಯ ಮುಂದೆ ಕೂತಿದ್ದಳು. ಏನಾಯಿತು ಎಂದು ಮುಖದಲ್ಲೇ ಕೇಳಿದಳು. ಮಾತು ಮೂರು ಮನೆ ತಿರುಗಿ ಹೋಯಿತು. ಅರ್ಧ ಎಂದಾಗ ತಲೆ ಆಡಿಸಿದಳು. ಆಮೇಲೆ ಅವಳೂ ಅದನ್ನೇ ಕೇಳಿದಳು, ಯಾವ ಅರ್ಧ?

"ಮುದಿಯವು ಅಂತ ಹೇಳು" ಎಂದೆ.

ದುಲ್ಮಾ ನಾಲ್ಕು ಹಲ್ಲು ಕಾಣುವಂತೆ ನಕ್ಕಳು. ಎದ್ದು ಹೋಗಿ, ನಾನು ಮರಿ ಎತ್ತಿಕೊಂಡು ಬಂದಿದ್ದೆನಲ್ಲ, ಅದರ ತಾಯಿಯ ತುಟಿ ಸರಿಸಿ ತೋರಿಸಿದಳು. ಹಲ್ಲು ಬುಡದ ತನಕ ಸವೆದಿದ್ದವು. ಪಕ್ಕದ್ದನ್ನು ತೋರಿಸಿದಳು, ಅದೂ ಹಾಗೇ. ಈ ದಡಕ್ಕೆ ಬಂದ ಅರ್ಧ ಹಿಂಡು ಪೂರಾ ಮುದಿ ಕುರಿ. ನಲವತ್ತು ವರ್ಷ ಕುರಿ ಬಾಯಿ ನೋಡಿದವಳು ನಾನು, ಹೆದರಿಕೆಯಲ್ಲಿ ನೋಡಿರಲಿಲ್ಲ.

ಅವಳು ನನ್ನ ಕಡೆ ಬೆರಳು ಮಾಡಿ ಇನ್ನೂ ಏನೋ ಅಂದಳು. ಸೊಲೊಂಗೊ ಮೊದಲು ಹೇಳಲು ಹಿಂಜರಿದಳು. ಸುನೀತಾ ಕೇಳಿ ಬಾಯಿ ಮುಚ್ಚಿಕೊಂಡಳು.

"ಹೇಳವಾ, ಏನಂತಾಳ?"

"ಅದ್ಕೇ ನಿಮ್ಮನ್ನೂ ಮುಂದೆ ಕಳಿಸಿದ್ಲಂತೆ ಅಜ್ಜಿ."

ನಾನು ನಕ್ಕೆ. ದುಲ್ಮಾ ನನ್ನ ತೊಡೆಗೆ ಹೊಡೆದು ನಕ್ಕಳು. ಇಬ್ಬರಿಗೂ ಕೆಮ್ಮು ಬರುವ ತನಕ ನಕ್ಕೆವು. ಸೊಲೊಂಗೊ ನಗಲಿಲ್ಲ, ಅವಳು ಆ ದಡ ನೋಡುತ್ತ ನಿಂತಿದ್ದಳು. ಅಷ್ಟರಲ್ಲಿ ಹೊಳೆ ಮತ್ತೆ ಒಂದು ಸಲ ಒಳಗೊಳಗೇ ಗುಡುಗಿತು. ಹಿಮ ಕೂಡುತ್ತಿತ್ತೋ ಒಡೆಯುತ್ತಿತ್ತೋ. ನಗು ಬಿಟ್ಟು ಇಬ್ಬರೂ ಕಿವಿ ಕೊಟ್ಟೆವು. ಅವಳಿಗೂ ತಿಳಿಯಲಿಲ್ಲ.